ಹಾಲು ಹೆಚ್ಚುವ ಮಾತ್ರೆ

ಮಾರ್ಚ್ ೧೧, ಮಂಗಳವಾರ

ಆ ಚಮಚ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ, ಅತ್ತೆ ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಲ್ಲಿ ಪೌಡರ್ ಹಾಲು ಕುಡಿಸುತ್ತಿದ್ದರು.

"ಎಂಟು ದಿನದಿಂದ ಕುಡಿಸ್ತಿದ್ದೀನಿ ಕಣೇ. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಎಂಟು ದಿನ! ಹುಟ್ಟಿ ಇನ್ನೂ ತಿಂಗಳು ತುಂಬಿಲ್ಲ ಅದಕ್ಕೆ.

ನನಗೆ ಎಚ್‌ಐವಿ ಇರುವುದು ಈ ಮನೆಯಲ್ಲಿ ನನ್ನ ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಯ ನರ್ಸಮ್ಮ ಬಿಡಿಸಿ ಹೇಳಿದ್ದರು: "ಮಾತ್ರೆ ತಪ್ಪಿಸ್ಬೇಡ. ಆರು ತಿಂಗಳು ಎದೆಹಾಲು ಮಾತ್ರ ಕೊಡು. ಅದರ ಜೊತೆ ಬೇರೆ ಹಾಲೂ ಕೊಟ್ರೆ ಮಗುವಿಗೆ ಸೋಂಕು ತಗಲೋ ಭಯ ಜಾಸ್ತಿ." ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ ನಾನು.

ಅತ್ತೆಯ ಮೇಲೆ ಕೂಗಾಡೋಣವೆಂದರೆ ಯಾವ ಬಾಯಲ್ಲಿ ಕೂಗಾಡಲಿ? ಮಾತ್ರೆ ಯಾತಕ್ಕೆ ಎಂದು ಅವರು ಕೇಳಿದ ದಿನ, ಹಾಲು ಹೆಚ್ಚೋದಕ್ಕೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿದವಳು ನಾನೇ. ಸೊಸೆಗೆ ಹಾಲು ಸಾಲದು, ಕೂಸು ಹಸಿದಿರುತ್ತದೆ ಎಂದು ಆ ಜೀವ ಒದ್ದಾಡಿದೆ.

ಇವರಿಗೆ ಹೇಳಿದೆ. ಗೋಡೆಯ ಕಡೆ ತಿರುಗಿಕೊಂಡೇ ಅಂದರು: "ನಾಳೆ ಆಸ್ಪತ್ರೆಗೆ ಹೋಗೋಣ. ಅಮ್ಮಂಗೆ ಮಾತ್ರ ಹೇಳ್ಬೇಡ. ಗೊತ್ತಾದ್ರೆ ಮಗೂನೇ ಮುಟ್ಟಲ್ಲ ಅವಳು."

ಹಾಲು ಕಟ್ಟಿ ಎದೆ ಕಲ್ಲಾಗಿದೆ, ರವಿಕೆ ಒದ್ದೆ. ಮಗಳು ಹೊಟ್ಟೆ ತುಂಬಿ ಮಲಗಿದ್ದಾಳೆ. ಎದ್ದು ಅತ್ತರೆ ಎದೆಗೆ ಹಾಕಿಕೊಳ್ಳಲೋ ಬೇಡವೋ, ಯಾರನ್ನು ಕೇಳಲಿ?

ಮಲಗುವ ಮುಂಚೆ ಅತ್ತೆ ನೀರಿನ ಲೋಟದ ಜೊತೆ ಆ ಮಾತ್ರೆಯನ್ನೂ ತಂದುಕೊಟ್ಟರು. "ಮರೀಬೇಡ ಕಣೇ, ಕೂಸಿಗೆ ಹಾಲು ಬರ್ಲಿ."

ನಾನು ನುಂಗುವ ತನಕ ನಿಂತು ನೋಡಿ, ತಲೆ ಸವರಿ ಹೋದರು.