ಮಧ್ಯೆ ಬಿದ್ದ ಚೆಂಡು

ಲಾಂಡ್ರಿಯ ಹಿಂದಿನ ಮನೆ,
ಮೇ ತಿಂಗಳ ಕೊನೆಯ ಭಾನುವಾರ

ಪ್ರೀತಿಯ ಅಕ್ಕಾ,

ಚಿಕ್ಕಮ್ಮ ಹೇಗಿದ್ದಾರೆ? ಹೊಲಿಗೆ ಬಿಚ್ಚಿದರಾ? ಗೋಡೆ ಹಿಡಿಯದೆ ಬಾಗಿಲ ತನಕ ನಡೆದರು ಎಂದು ಅಮ್ಮ ಹೇಳಿದಳು, ಕೇಳಿ ಸಮಾಧಾನವಾಯಿತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಆರೈಕೆಗೆ ಹೋದವಳು ಬರುವಾಗ ತಾನೇ ಮಲಗುವ ಹಾಗಿರಬಾರದು ಎಂದು ಅಮ್ಮ ದಿನಾ ಗೊಣಗುತ್ತಾಳೆ. ಫೋನಿನಲ್ಲಿ ನಾನು ಮಾತಾಡುವುದಿಲ್ಲ ಎಂದು ನಿನಗೆ ಸಿಟ್ಟು, ಗೊತ್ತು. ಏನು ಮಾಡಲಿ, ಅದನ್ನು ಕಿವಿಗಿಟ್ಟರೆ ನನಗೆ "ಹೂಂ" ಬಿಟ್ಟು ಬೇರೇನೂ ಬಾಯಿಗೆ ಬರುವುದಿಲ್ಲ. ಅದಕ್ಕೇ ಈ ಕಾಗದ.

ಬೇಸಿಗೆಯ ವಾಲಿಬಾಲ್ ಪಂದ್ಯಗಳಲ್ಲಿ ನಮ್ಮ ಲಾಂಡ್ರಿ ತಂಡದ ಸುದ್ದಿ ನಿನಗೆ ಮುಟ್ಟಿರಬೇಕು. ಸೋತೆವು. ಬಿಸ್ಕತ್ತಿನ ಕಾರ್ಖಾನೆಯವರಿಗೆ ಸೋತೆವು, ಆಸ್ಪತ್ರೆಯ ನರ್ಸುಗಳಿಗೆ ಸೋತೆವು, ಹಿಂದೆಂದೂ ಯಾರನ್ನೂ ಸೋಲಿಸದ ಅಂಚೆ ಕಚೇರಿಯವರಿಗೂ ಸೋತೆವು. ಒಂದು ಗೆದ್ದಿದ್ದೇವೆ, ಅದೂ ಎದುರಿನವರ ಬಸ್ಸು ಕೆಟ್ಟು ಅವರು ಬರಲಾಗದೆ. ನಮ್ಮ ಬಟ್ಟೆ ಸಾಗಿಸುವ ವ್ಯಾನ್ ಮಾವ ಆ ಸಂಜೆ ಹಾರನ್ ಹೊಡೆಯುತ್ತಾ ಬೀದಿಯೆಲ್ಲ ಸುತ್ತಿಸಿದರು. "ಗೆಲುವು ಗೆಲುವೇ ಕಣ್ರಮ್ಮಾ, ಹೇಗೆ ಬಂತು ಅಂತ ಯಾರು ಕೇಳ್ತಾರೆ" ಎಂದರು. ನಾನು ನಾಚಿಕೆಯಿಂದ ಬಟ್ಟೆಗಂಟುಗಳ ಹಿಂದೆ ಕೂತಿದ್ದೆ.

ಹೊರಡುವ ದಿನ ನೀನು ನೆಟ್ಟಿನ ಬಳಿಯ ನಿನ್ನ ಜಾಗವನ್ನು ನನಗೆ ಕೊಟ್ಟು, "ಭದ್ರವಾಗಿ ಇಟ್ಟಿರು, ಬಂದು ತಗೋತೀನಿ" ಎಂದಿದ್ದೆ. ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಜಾಗ ಅದು, ಸುಮ್ಮನೆ ಕಾಯುವುದಲ್ಲ. ಈಗ ನಮ್ಮ ಇಸ್ತ್ರಿ ಮೇಜಿನ ಹಬೆ ಅತ್ತೆ ಮುಂದಿನ ಬೇಸಿಗೆಯ ತಂಡವನ್ನು ಈಗಲೇ ಗೊತ್ತುಮಾಡಬೇಕು ಎನ್ನುತ್ತಿದ್ದಾರೆ. "ಎತ್ತಿಕೊಡೋಕೆ ಅಕ್ಕನೋ ತಂಗಿಯೋ? ಸೋಮವಾರ ಹೇಳಬೇಕು" ಎಂದು ನೆನ್ನೆ ಕೇಳಿದರು. ನಾನು ತಲೆ ತಗ್ಗಿಸಿ ಟವೆಲ್ ಜೋಡಿಸುತ್ತಿದ್ದೆ. ಇಷ್ಟು ಸೋತ ಮೇಲೂ ಅವರು ನನ್ನ ಹೆಸರು ಸೇರಿಸಿ ಕೇಳಿದ್ದು ಏಕೆ ಎಂದು ನಿನಗೆ ಅನ್ನಿಸಬಹುದು. ಅದನ್ನೇ ಹೇಳುತ್ತೇನೆ.

ನೀನು ಹೋದ ಮೇಲೆ ಬೆಡ್‌ಶೀಟ್ ಮಡಚಲು ನನಗೆ ಜೋಡಿಯಾದವಳು ಏಣಿ. ಅವಳ ಎತ್ತರ ನಿನಗೆ ಗೊತ್ತಲ್ಲ, ಅವಳ ಕೈಯಲ್ಲಿನ ತುದಿ ಯಾವಾಗಲೂ ಆಕಾಶದಲ್ಲೇ ಇರುತ್ತದೆ. ಆದರೂ ದಿನವಿಡೀ ಮಡಚಿ ಮಡಚಿ ನಮ್ಮಿಬ್ಬರ ಕಾಲು ಒಂದಾಗಿಬಿಟ್ಟಿವೆ. ಇಬ್ಬರೂ ಕೈ ಮೇಲೆತ್ತಿ ಮುಂದೆ ಬರುತ್ತೇವೆ, ಮೂಲೆಗೆ ಮೂಲೆ ಸೇರಿಸುತ್ತೇವೆ, ಹಿಂದೆ ಸರಿಯುತ್ತೇವೆ. ಮೊದಲ ಪಂದ್ಯದಲ್ಲಿ ಚೆಂಡು ನಮ್ಮಿಬ್ಬರ ಮಧ್ಯೆ ಬಂತು. ನಾನೂ ಕೈಯೆತ್ತಿ ಹೋದೆ, ಅವಳೂ ಕೈಯೆತ್ತಿ ಬಂದಳು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಆಮೇಲೆ ಇಬ್ಬರೂ ಒಟ್ಟಿಗೆ, ಏನೋ ಕೆಲಸ ಮುಗಿಯಿತೆಂಬಂತೆ, ಹಿಂದೆ ಸರಿದೆವು. ಚೆಂಡು ಮಧ್ಯೆ ದೊಪ್ಪನೆ ಬಿತ್ತು. ವ್ಯಾನ್ ಮಾವ ಹೊರಗಿನಿಂದ, "ಅಮ್ಮಣ್ಣಿ, ಅದು ಚೆಂಡು, ಮಡಚೋಕಾಗಲ್ಲ" ಎಂದು ಕೂಗಿದರು. ಜನರೆಲ್ಲ ನಕ್ಕರು. ಬಿಸ್ಕತ್ತಿನವರಿಗೆ ಇದು ತಿಳಿದದ್ದೇ ತಡ, ಬೇಕೆಂದೇ ಅಲ್ಲಿಗೇ ಹಾಕತೊಡಗಿದರು. ಆಮೇಲೆ ಬಂದವರೂ ಹಾಗೆಯೇ ಮಾಡಿದರು. ನಾವು ಸೋತದ್ದರಲ್ಲಿ ಮುಕ್ಕಾಲು ಪಾಲು ಆ ಒಂದು ಚಾಪೆಯಷ್ಟು ಜಾಗದಲ್ಲೇ.

ಯಾರಾದರೂ ಒಬ್ಬರು "ನಂದು" ಎಂದು ಕೂಗಿದರೆ ಸಾಕಿತ್ತು. ಏಣಿ ಕೂಗುವ ಹಾಗಿಲ್ಲ, ಅಲ್ಲಿಗೆ ಬಂದ ಚೆಂಡು ಎತ್ತಿಕೊಡುವವಳದು ಎಂದು ನಮ್ಮ ತಂಡದ ಕಟ್ಟಳೆ. ನನಗೆ ಬಾಯಿ ಬರುವುದಿಲ್ಲ. ಹಬೆ ಅತ್ತೆ ನನ್ನ ಗಲ್ಲ ಹಿಡಿದು, "ನಿನ್ನ ಬಾಯಿಗೆ ಯಾರು ಗಂಜಿ ಹಾಕಿ ಇಸ್ತ್ರಿ ಮಾಡಿದ್ದಾರೆ ಮಗಾ?" ಎಂದು ಕೇಳಿದರು. ಆದರೆ ಅಕ್ಕಾ, ಬಾಯಿ ಇಲ್ಲದವಳಿಗೆ ಕೈಯಾದರೂ ಇದೆಯಲ್ಲ. ಯಂತ್ರದ ಸದ್ದಿನಲ್ಲಿ ನಾವು ಕೈಸನ್ನೆಯಲ್ಲೇ ಮಾತಾಡುತ್ತೇವಲ್ಲ, ಅದನ್ನೇ ಅಂಕಣಕ್ಕೆ ತಂದೆ. ಬೆನ್ನ ಹಿಂದೆ ಕೈ ಇಟ್ಟು ಬೆಡ್‌ಶೀಟಿನ ಸನ್ನೆ ಮಾಡಿದರೆ ದೂರಕ್ಕೆ ಎತ್ತಿಕೊಡುತ್ತೇನೆ ಎಂದು ಅರ್ಥ, ದಿಂಬಿನ ಕವರಿನ ಸನ್ನೆ ಮಾಡಿದರೆ ಹತ್ತಿರಕ್ಕೆ, ಗಿಡ್ಡಗೆ. ಏಣಿ ಆ ಗಿಡ್ಡ ಚೆಂಡನ್ನು ಹೊಡೆದರೆ ಎದುರಿನವರು ಇನ್ನೂ ಎದ್ದಿರುವುದಿಲ್ಲ. ನರ್ಸುಗಳ ನಾಯಕಿ ಪಂದ್ಯ ಮುಗಿದ ಮೇಲೆ ಬಂದು, "ಬೆನ್ನ ಹಿಂದೆ ಏನಮ್ಮಾ ಅದು, ತುರಿಕೆನಾ?" ಎಂದು ಕೇಳಿದರು. ನಾನು ಹೂಂ ಎಂದೆ.

ಕೊನೆಯ ಪಂದ್ಯ ಮತ್ತೆ ಬಿಸ್ಕತ್ತಿನವರ ಮೇಲೆ. ಮೊದಲ ಸೆಟ್ಟಿನ ಕೊನೆಗೆ ಸಮಸಮ ಇದ್ದೆವು, ಇನ್ನೆರಡು ಪಾಯಿಂಟ್ ಬೇಕಿತ್ತು. ಒಂದನ್ನು ಏಣಿ ಹೊಡೆದಳು. ಇನ್ನೊಂದಕ್ಕೆ ಅವರು ನಮ್ಮಿಬ್ಬರ ಮಧ್ಯೆಯೇ ಹಾಕಿದರು. ಏಣಿಯ ಕೈ ಮೇಲೆ ಬರುತ್ತಿತ್ತು, ನನ್ನ ಕಾಲು ಹಿಂದೆ ಸರಿಯಲು ಆಗಲೇ ತಯಾರಾಗಿತ್ತು. ಆಗ ನನ್ನೊಳಗಿಂದ ಎಲ್ಲಿತ್ತೋ ಆ ಸದ್ದು, "ನಂದು" ಎಂದು ಬಂತು. ಏಣಿ ನಿಂತಲ್ಲೇ ಕಲ್ಲಾದಳು. ಎದುರಿನವರೂ ನಿಂತರು. ಗೇಟಿನ ಬಳಿ ಮಲಗಿದ್ದ ನಾಯಿ ಎದ್ದು ಹೋಯಿತು. ಚೆಂಡು ನನ್ನ ಬೆರಳಿಗೆ ಸಿಕ್ಕಿತು, ಎತ್ತಿಕೊಟ್ಟೆ, ಏಣಿ ಎಚ್ಚೆತ್ತು ಹೊಡೆದಳು, ಸೆಟ್ ನಮ್ಮದಾಯಿತು. ಆಮೇಲಿನ ಎರಡು ಸೆಟ್ ಅವರದೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಮೇಲೆ ಆ ಜಾಗದಲ್ಲಿ ಒಂದು ಚೆಂಡೂ ಬೀಳಲಿಲ್ಲ. ಬೇರೆ ಕಡೆ ಬಿತ್ತು. ಅದಕ್ಕೆ ಬೇರೆ ಮದ್ದು ಹುಡುಕಬೇಕು, ಹುಡುಕುತ್ತೇವೆ. ವ್ಯಾನಿನಲ್ಲಿ ಬರುವಾಗ ಯಾರೂ ಅಳುಮೋರೆ ಹಾಕಿಕೊಂಡಿರಲಿಲ್ಲ. ಸೋತ ತಂಡ ಅಷ್ಟು ಗಲಾಟೆ ಮಾಡಬಾರದು ಎಂದು ಹಬೆ ಅತ್ತೆಯೇ ಗದರಿದರು, ಆಮೇಲೆ ಅವರೇ ಹಾಡಲು ಶುರುಮಾಡಿದರು.

ಮನೆಯಲ್ಲಿ ಎಲ್ಲ ಚೆನ್ನಾಗಿದೆ. ಕಿಟಕಿಯ ಕೊಂಡಿ ಸರಿಮಾಡಿಸಿದೆವು. ಅಮ್ಮನ ಕೆಮ್ಮು ಹೋಯಿತು. ನಿನ್ನ ಹಾಸಿಗೆಯ ಮೇಲೆ ಈಗ ನಾನು ಮಲಗುವುದಿಲ್ಲ, ಅಮ್ಮ ಹೇಳಿದರೆ ನಂಬಬೇಡ. ಚಿಕ್ಕಮ್ಮನ ಪಾದಕ್ಕೆ ನನ್ನ ನಮಸ್ಕಾರ ತಿಳಿಸು. ಅವರು ಮೆಟ್ಟಿಲು ಹತ್ತುವಂತಾದ ದಿನವೇ ಹೊರಟು ಬಾ, ಒಂದು ದಿನ ಹೆಚ್ಚು ಬೇಡ.

ನಿನ್ನ ತಂಗಿ,
ಪಿಸುಮಾತು

ತಾ.ಕ.: ವ್ಯಾನ್ ಮಾವ ಪೋಸ್ಟ್ ಡಬ್ಬಿಯ ಕಡೆ ಹೊರಟಿದ್ದಾರೆ, ಹಾರನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಾಳೆ ಹಬೆ ಅತ್ತೆಗೆ ನನ್ನ ಹೆಸರನ್ನೇ ಹೇಳುತ್ತೇನೆ. ಕಾಯಲು ಕೊಟ್ಟದ್ದನ್ನು ಹಿಂದೆ ಕೊಡುತ್ತಿಲ್ಲ, ಬೈಯುವುದಿದ್ದರೆ ಬಂದು ಬೈಯಿ. ನೆನಪಿದೆಯಾ, ಒಮ್ಮೆ ನೀನು ಬೂಟು ಬಿಚ್ಚುತ್ತಾ, "ಬೇರೆಯವರಿಗೆ ಎತ್ತಿಕೊಡೋದೇ ಆಯ್ತು ಕಣೇ, ಒಂದು ದಿನವಾದ್ರೂ ನಾನು ಹೊಡೀಬೇಕು" ಎಂದಿದ್ದೆ. ಏಣಿಯ ಆಚೆ ಬದಿ ಹೊಡೆಯುವವರಿಲ್ಲದೆ ಖಾಲಿ ಇದೆ. ಅಲ್ಲಿ ಬಂದು ನಿಲ್ಲು, ನಾನು ಎತ್ತಿಕೊಡುತ್ತೇನೆ. ಆದರೆ ನೆಟ್ಟಿನ ಬಳಿಯ ಜಾಗ ನಂದು, ಅಕ್ಕಾ.