ಹತ್ತನೆಯ ಚುಕ್ಕಿ

26 ನವೆಂಬರ್ 2012, ಸೋಮವಾರ

ಟಿಟ್ವಾಳಾದಲ್ಲಿ ಮತ್ತೆ ಲೋಕಲ್ ರೈಲು ತಪ್ಪಿತು. ಮುಂದಿನದರಲ್ಲಿ ಡೊಂಬಿವಲಿವರೆಗೆ ನಿಂತೇ ಬಂದೆ. ನಮ್ಮ ಕನ್ನಡ ಶಾಲೆಯ ಐದನೇ ಕ್ಲಾಸಿನ ಹಾಜರಿ ಮಸ್ಟರಿನಲ್ಲಿ ಇಪ್ಪತ್ತೆರಡು ಹೆಸರು, ಬೆಂಚಿನಲ್ಲಿ ಹದಿನಾರು ತಲೆ. ಸಾಬವ್ವ ಇವತ್ತೂ ಇಲ್ಲ.

ಬಿ.ಎಡ್. ಗೈಡ್ ಸರ್ ಫೋನು. ಕ್ರಿಯಾ ಸಂಶೋಧನೆಯ ವರದಿ ಜನವರಿ ಎಂಟಕ್ಕೆ ಕೊಡಬೇಕಂತೆ. ಕೊಡದಿದ್ದರೆ ಬಿ.ಎಡ್. ಇಲ್ಲ. ಬಿ.ಎಡ್. ಇಲ್ಲದಿದ್ದರೆ ಈ ಕೆಲಸವೂ ಇಲ್ಲ. ಹದಿನಾಲ್ಕು ವರ್ಷ ಪಾಠ ಮಾಡಿದವಳಿಗೆ ಪಾಠ ಮಾಡಲು ಕಲಿಸುತ್ತಾರೆ — ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ.

ವಿಷಯ ಸಿಕ್ಕಿತು: ಸಾಬವ್ವ. ‘ಗೈರುಹಾಜರಿ ತಗ್ಗಿಸುವಲ್ಲಿ ಧನಾತ್ಮಕ ಪುನರ್ಬಲನದ ಪಾತ್ರ.’ ಅಂದರೆ, ಬಂದರೆ ಬೆಲ್ಲ. ಅಷ್ಟೇ.

29 ನವೆಂಬರ್, ಗುರುವಾರ

ಬಂದಳು. ಗೋಡೆಗೆ ಚಾರ್ಟ್ ಹಾಕಿ ಬೆಳ್ಳಿ ಕಾಗದದ ನಕ್ಷತ್ರ ಅಂಟಿಸಿದೆ. ದಿನಕ್ಕೊಂದು. ಹತ್ತಾದರೆ ಕಂಪಾಸ್ ಬಾಕ್ಸ್.

ಬೆರಳಲ್ಲಿ ಮುಟ್ಟಿ ನೋಡಿದಳು. “ಈ ಚುಕ್ಕಿ ನಂದ ಏನ್ರಿ ಟೀಚರ್?”

ನಿನ್ನದೇ ಅಂದೆ. ಇವಳ ಮನೆಯವರು ರಾಯಚೂರು ಕಡೆಯವರು. ಅಪ್ಪ ಜಟ್ಟೆಪ್ಪ, ಅವ್ವ ಮಾನಮ್ಮ, ಇಬ್ಬರೂ ಶಿಳ್ ರೋಡಿನ ಟವರ್ ಸೈಟಿನಲ್ಲಿ ಕಾಂಕ್ರೀಟ್ ಹೊರುತ್ತಾರೆ. ಸೈಟಿನ ಶೆಡ್ಡೇ ಮನೆ; ಅಲ್ಲಿ ಒಂದೂವರೆ ವರ್ಷದ ತಮ್ಮ ಸೈದಪ್ಪ. ಅವನನ್ನು ನೋಡಿಕೊಳ್ಳುವುದೇ ಇವಳ ಗೈರುಹಾಜರಿ.

5 ಡಿಸೆಂಬರ್, ಬುಧವಾರ

ಆರು ಚುಕ್ಕಿ! ಒಂದು ದಿನವೂ ತಪ್ಪಿಲ್ಲ. ಪಕ್ಕದ ಶೆಡ್ಡಿನ ಬಾಲಮ್ಮ ಕೂಸನ್ನು ನೋಡಿಕೊಳ್ಳುತ್ತಾಳಂತೆ. ಗೈಡ್ ಸರ್ ಫೋನಿನಲ್ಲೇ “ಎಕ್ಸಲೆಂಟ್” ಅಂದರು. ನಮ್ಮ ಯಜಮಾನರು ಮಹಾಪೆಯ ಕ್ಯಾಂಟೀನ್ ಕೆಲಸದಿಂದ ಬಂದವರೇ, “ಅವಳಿಗೆ ನಕ್ಷತ್ರ, ನನಗೆ ಮಾತ್ರ ನಿನ್ನೆಯ ಸಾರು” ಅಂತ ಕಿಚಾಯಿಸಿದರು. ಬಹಳ ದಿನದ ಮೇಲೆ ನಕ್ಕೆ.

7 ಡಿಸೆಂಬರ್, ಶುಕ್ರವಾರ

ನಿನ್ನೆ ಶಾಲೆಗೆ ರಜೆ. ಬಾಲಮ್ಮ ಊರಿಗೆ ಹೋದಳಂತೆ. ಸಾಬವ್ವ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಂದಳು. ಅವನು ಗಣಿತದ ಪಿರಿಯಡ್ಡಿನಲ್ಲಿ ಉಚ್ಚೆ ಹೊಯ್ದ. ಹೆಡ್‌ಮಾಸ್ಟರ್ ಲಕ್ಷ್ಮೀಕಾಂತ ಸರ್ ಬಾಗಿಲಲ್ಲೇ ನಿಂತು, “ರತ್ನಾವತಿ ಟೀಚರ್, ಇದು ಶಾಲೆಯೋ ಬಾಲವಾಡಿಯೋ?”

ಮಾನ ಹೋಯಿತು. ತಮ್ಮನನ್ನು ತಂದರೆ ಚುಕ್ಕಿ ಇಲ್ಲ ಅಂದುಬಿಟ್ಟೆ. ಪುಸ್ತಕದಲ್ಲೂ ಹಾಗೇ ಇದೆ — ಬೇಡದ ವರ್ತನೆಗೆ ಪುನರ್ಬಲನ ಕೊಡಬಾರದು. ಹುಡುಗಿ ಅಳಲಿಲ್ಲ. ಖಾಲಿ ಚೌಕವನ್ನೇ ನೋಡುತ್ತ ಕೂತಳು.

8 ಡಿಸೆಂಬರ್, ಶನಿವಾರ

ಒಬ್ಬಳೇ ಬಂದಳು. ತಮ್ಮ ಎಲ್ಲಿ ಅಂದೆ.

“ಕಂಬಕ್ಕ ಕಟ್ಟಿ ಬಂದೀನ್ರಿ, ಅವ್ವನ ಹಳೇ ಸೀರಿಲೆ. ಅವ್ವ ಮ್ಯಾಲಿಂದ ನೋಡ್ತಿರ್ತಾಳ್ರಿ. ಸಣ್ಣಾಕಿದ್ದಾಗ ನನ್ನೂ ಹಂಗ ಕಟ್ತಿದ್ಳರಿ.”

ಸೈಟಿನ ಹೆಂಗಸರೆಲ್ಲ ಹೀಗೇ ಮಾಡುತ್ತಾರಂತೆ.

“ಸೊಂಟ ಕೆಂಪಾಗ್ಯದ್ರಿ. ಅಳ್ತಾನ.”

“ಹಾಗಾದ್ರೆ ಸ್ವಲ್ಪ ಸಡಿಲ ಕಟ್ಟು ಮಗಾ” ಅಂದೆ. ಅಷ್ಟೇ ಅಂದದ್ದು. ಕಟ್ಟಬೇಡ ಅನ್ನಬಹುದಿತ್ತು. ಚುಕ್ಕಿ ಅಂಟಿಸಿದೆ. ಏಳು.

11 ಡಿಸೆಂಬರ್, ಮಂಗಳವಾರ

ಒಂಬತ್ತು. ಸ್ಟೇಷನ್ ರೋಡಿನಲ್ಲಿ ಕಂಪಾಸ್ ಬಾಕ್ಸ್ ತಗೊಂಡೆ. ಹಸಿರು ಬಣ್ಣದ್ದು.

12 ಡಿಸೆಂಬರ್, ಬುಧವಾರ

ಬರಲಿಲ್ಲ. ಒಂದೇ ಒಂದು ಬಾಕಿ ಇರುವಾಗ! ಗ್ರಾಫ್ ಕೆಡುತ್ತದೆ. ಸಿಟ್ಟು ಬಂತು.

15 ಡಿಸೆಂಬರ್, ಶನಿವಾರ

ಶಾಲೆಯ ಆಯಾ ಅನಸೂಯಾ ಸುದ್ದಿ ತಂದಳು. ಅವಳ ಜೊತೆ ಸೈಟಿಗೆ ಹೋದೆ.

ಬುಧವಾರ ಬೆಳಿಗ್ಗೆ ಸಾಬವ್ವ ಶಾಲೆಗೆ ಹೊರಟು ರಸ್ತೆ ದಾಟುವಷ್ಟರಲ್ಲಿ ಹಿಂದಿನಿಂದ ಕೂಗು. ಕೂಸು ಸೀರೆಯ ಕುಣಿಕೆಯಿಂದ ಜಾರಿಕೊಂಡಿತ್ತು. ಸಿಮೆಂಟಿಗೆ ನೀರು ತುಂಬಿಟ್ಟ ಹೊಂಡ ಹತ್ತು ಹೆಜ್ಜೆ ದೂರ… ತೆಗೆದಾಗ ಉಸಿರಿರಲಿಲ್ಲ.

ಸೀರೆ ಇನ್ನೂ ಕಂಬದಲ್ಲೇ ಇತ್ತು. ಮಾನಮ್ಮ ಚಹಾ ಮಾಡಿ ಕೊಟ್ಟಳು. “ಸಾಲಿಯಿಂದ ಬಂದೀರಿ, ದೊಡ್ಡ ಮಾತಾತ್ರಿ. ಗಂಟು ಯಾಕ ಸಡ್ಲ ಬಿಟ್ಟಿ ಅಂತ ಅವರಪ್ಪ ಹುಡುಗೀನ ಹೊಡ್ದಾನ್ರಿ. ಯಾರು ಹೇಳಿದ್ರು ಅಂತ ಕೇಳಿದ್ರ ಬಾಯಿ ಬಿಡವಲ್ಲಳ್ರಿ.”

ಸಾಬವ್ವ ಮೂಲೆಯಲ್ಲಿ ಕೂತಿದ್ದಳು. ಕೆನ್ನೆ ಊದಿತ್ತು. ನನ್ನನ್ನು ನೋಡಿದಳು. ಹೇಳಲಿಲ್ಲ.

ನಾನೂ ಹೇಳಲಿಲ್ಲ. ಚಹಾ ಕುಡಿದೆ. ಪೂರ್ತಿ ಕುಡಿದೆ.

7 ಜನವರಿ 2013, ಸೋಮವಾರ

ಡಿಸೆಂಬರ್ ಇಪ್ಪತ್ತರಿಂದ ಸಾಬವ್ವ ದಿನಾ ಬರುತ್ತಾಳೆ. ಒಂದು ದಿನವೂ ತಪ್ಪಿಲ್ಲ. ಅವಳು ನೋಡಿಕೊಳ್ಳಬೇಕಾದವರು ಮನೆಯಲ್ಲಿ ಯಾರೂ ಇಲ್ಲವಲ್ಲ.

ಹತ್ತನೆಯ ಚುಕ್ಕಿ ಅಂಟಿಸಲು ಹೋದಾಗ ತಲೆ ಅಲ್ಲಾಡಿಸಿದಳು. “ಬ್ಯಾಡ್ರಿ ಟೀಚರ್.” ಕಂಪಾಸ್ ಬಾಕ್ಸ್ ನನ್ನ ಡ್ರಾಯರಿನಲ್ಲೇ ಇದೆ. ಆ ಡ್ರಾಯರ್ ತೆಗೆಯಲು ಆಗುತ್ತಿಲ್ಲ.

ಗೈಡ್ ಸರ್ ಖುಷಿಯಾಗಿದ್ದಾರೆ. “ನೂರಕ್ಕೆ ನೂರು ಹಾಜರಾತಿ! ಕಾರಣ ಸರಿಯಾಗಿ ವಿಶ್ಲೇಷಿಸಿ ಮೇಡಂ, ಸಾಕು.”

ನಾಳೆ ಕೊನೆಯ ದಿನ. ಕೋಷ್ಟಕ ಆಯಿತು, ಗ್ರಾಫ್ ಆಯಿತು. ಕೊನೆಯ ಪುಟ ಒಂದು ಬಾಕಿ. ಅಲ್ಲಿ ಬರೆಯಲಾಗದೆ ಇಲ್ಲಿ ಬರೆದು ನೋಡುತ್ತಿದ್ದೇನೆ.

ಹಾಜರಾತಿ ಹೆಚ್ಚಲು ಕಾರಣ: ವಿದ್ಯಾರ್ಥಿನಿಯ ತಮ್ಮ ಸೈದಪ್ಪ, ಒಂದೂವರೆ ವರ್ಷ. ಗಂಟು ಸಡಿಲ ಕಟ್ಟು ಎಂದು ಹೇಳಿದವರು —