ಸಾರಿಸಿದ ಕರೆಂಟ್ ಒಲೆ

ಹಿರಿಯೂರು
12-8-1974, ಸೋಮವಾರ

ಚಿರಂಜೀವಿ ಕಮಲಳಿಗೆ, ನಿನ್ನ ಅತ್ತೆ ಶಿವಗಂಗಮ್ಮ ಮನಸಾರೆ ಹರಸಿ ಬರೆಯುವುದು.

ಇವತ್ತು ಶ್ರಾವಣದ ನಾಲ್ಕನೇ ಸೋಮವಾರ. ಉಪವಾಸ ಹಿಡಿದಿದ್ದೇನೆ, ಸಂಜೆ ಪೂಜೆಯಾದ ಮೇಲೆಯೇ ಊಟ. ಬೆಳಿಗ್ಗೆ ಎದ್ದು ಕೊಟ್ಟಿಗೆ ಬಳಿದೆ, ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆದೆ, ಸ್ನಾನ ಮಾಡಿ ಪತ್ರೆ ಏರಿಸಿ ಲಿಂಗಪೂಜೆ ಮುಗಿಸಿದೆ. ನಿನ್ನ ಮಾವನವರಿಗೂ ನಿನ್ನ ಗಂಡ ಪಂಚಾಕ್ಷರಿಗೂ ರೊಟ್ಟಿ ಬಡಿದುಕೊಟ್ಟು, ಇಬ್ಬರನ್ನೂ ತೆಂಗಿನಕಾಯಿ ಮಂಡಿಯ ಕೆಲಸಕ್ಕೆ ಕಳಿಸಿದೆ. ಇಷ್ಟೆಲ್ಲ ಎಂಟು ಗಂಟೆಯೊಳಗೆ ಆಗಿಹೋಯಿತು. ಕೈಗೆ ಕೆಲಸ ಇರುವತನಕ ಮನಸ್ಸು ಹೇಗೋ ಸುಮ್ಮನಿರುತ್ತದೆ, ಆಮೇಲೆ ಒಂದು ಕಡೆ ಕೂರಲಾಗುವುದಿಲ್ಲ. ಈ ಕಾಗದ ಶುರು ಮಾಡಿದ ಮೇಲೆಯೇ ಎರಡು ಸಲ ಎದ್ದು ಅಡುಗೆಮನೆಗೆ ಹೋಗಿ, ಕರೆಂಟ್ ಒಲೆಯ ಪಿನ್ನನ್ನು ಗೋಡೆಯಿಂದ ಕಿತ್ತಿದ್ದೇನೋ ಇಲ್ಲವೋ ನೋಡಿ ಬಂದೆ. ಎರಡು ಸಲವೂ ಕಿತ್ತೇ ಇತ್ತು.

ನಿನ್ನ ಬಲಗೈ ಹೇಗಿದೆ? ಬೊಬ್ಬೆ ಒಡೆದ ಜಾಗದಲ್ಲಿ ಹೊಸ ಚರ್ಮ ಬಂತೇ, ಬೆರಳು ಪೂರ್ತಿ ಮಡಿಸಲು ಬರುತ್ತದೆಯೇ? ಡಾಕ್ಟರು ಕೊಟ್ಟ ಮುಲಾಮು ಮುಗಿದಿದ್ದರೆ ತಿಳಿಸು, ಇಲ್ಲಿಂದ ಕಳಿಸುತ್ತೇನೆ. ಕೂಸು ಮಿಸುಕಾಡುತ್ತಿದೆಯೇ? ಅವತ್ತು ಡಾಕ್ಟರು ಏನೂ ಭಯವಿಲ್ಲ ಎಂದು ಹೇಳಿದ್ದು ನಿಜ, ಆದರೂ ನಿನ್ನ ಬಾಯಿಂದ ಕೇಳುವತನಕ ನನಗೆ ನಂಬಿಕೆ ಬರುವುದಿಲ್ಲ. ಹಾಲು ಕುಡಿ. ನಿನಗೆ ಹಾಲಿನ ಕೆನೆ ಆಗುವುದಿಲ್ಲ, ಸೋಸಿಕೊಂಡು ಕುಡಿ. ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ನಿನ್ನ ಮಾವನವರಿಗೆ ಮಂಡಿನೋವು ಇದ್ದದ್ದೇ. ಪಂಚಾಕ್ಷರಿ ಸರಿಯಾಗಿ ಉಣ್ಣುತ್ತಿಲ್ಲ. ಕೇಳಿದರೆ ಉಂಡಿದ್ದೇನಲ್ಲ ಎನ್ನುತ್ತಾನೆ.

ನೀನು ನಾಗರ ಪಂಚಮಿಗೆಂದು ತವರಿಗೆ ಹೋದವಳು. ಹಬ್ಬವಾಗಿ ಮೂರು ವಾರದ ಹತ್ತಿರ ಬಂತು. ಪಕ್ಕದ ಮನೆಯ ನಿಂಗಕ್ಕ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು, "ಏನ್ರಿ ಶಿವಗಂಗಮ್ಮ, ಪಂಚಮಿಗೆ ಹೋದ ಸೊಸಿ ಗೌರಿ ಹಬ್ಬನೂ ಮುಗಿಸ್ಕಂಡೇ ಬರ್ತಾಳಾ?" ಎಂದು ಕೇಳುತ್ತಾಳೆ. ನಗುತ್ತಲೇ ಕೇಳುತ್ತಾಳೆ, ಅವಳ ನಗು ನಿನಗೆ ಗೊತ್ತಲ್ಲ. ಹೋದ ವಾರ ನಿಮ್ಮಪ್ಪ ಗಂಗಾಧರಪ್ಪನವರ ಕಾಗದ ಬಂತು. ಹೆರಿಗೆ ಆಗುವತನಕ ಕಮಲ ಹಿರೇಗುಂಟನೂರಿನಲ್ಲೇ ಇರಲಿ, ಆಮೇಲೆ ನೋಡೋಣ ಎಂದು ಬರೆದಿದ್ದಾರೆ. ಆ ಆಮೇಲೆ ನೋಡೋಣ ಎಂಬುದನ್ನು ಓದಿದಾಗಿನಿಂದ ನನಗೆ ನೆಲೆಯಿಲ್ಲ. ಐದು ತಿಂಗಳ ಕುಬುಸ ಗಂಡನ ಮನೆಯಲ್ಲಿ ಆಗಬೇಕು, ನಿನಗೆ ಹಸಿರು ಸೀರೆ ಉಡಿಸಿ ಈ ನಡುಮನೆಯಲ್ಲಿ ಆರತಿ ಎತ್ತಬೇಕು. ಅದು ತಪ್ಪಿದರೆ ಊರು ಏನೆನ್ನುತ್ತದೆ ಎಂಬ ಚಿಂತೆಯೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನೀನು ಬಾರದೆ ಉಳಿದರೆ ಯಾಕೆ ಬರಲಿಲ್ಲ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಆ ಚಿಂತೆ ಇದಕ್ಕಿಂತ ದೊಡ್ಡದು.

ಆ ಒಲೆ ನಮ್ಮ ಮನೆಗೆ ಬಂದದ್ದೇ ನನ್ನ ಸಲುವಾಗಿ. ಮೊದಲ ಯುಗಾದಿಗೆ ಏನು ಬೇಕು ಎಂದು ನಿಮ್ಮಪ್ಪ ಕೇಳಿದಾಗ, ಸೀರೆ ಬೇಡ, ನಮ್ಮತ್ತೆಗೆ ಹೊಗೆಯಲ್ಲಿ ಕಣ್ಣು ಕೆಂಪಗಾಗಿರುತ್ತದೆ, ಒಂದು ಕರೆಂಟ್ ಒಲೆ ಕೊಡಿಸು ಎಂದೆಯಂತೆ. ಇದನ್ನು ನೀನು ನನಗೆ ಒಂದು ದಿನವೂ ಹೇಳಲಿಲ್ಲ, ನಿಮ್ಮಪ್ಪ ಹೇಳಿದ್ದು. ತಗಡಿನ ಮೈ, ನಡುವೆ ಬಿಳಿ ಬಿಲ್ಲೆ, ಅದರೊಳಗೆ ಚಕ್ಕುಲಿ ಸುತ್ತಿದ ಹಾಗೆ ತಂತಿ. ಸ್ವಿಚ್ಚು ಹಾಕಿದರೆ ಕೆಂಡದಂತೆ ಕೆಂಪಗಾಗುವುದನ್ನು ಮೊದಲ ದಿನ ಬಾಗಿಲಲ್ಲಿ ನಿಂತೇ ನೋಡಿದೆ. ನೀನು ಆವತ್ತೇ ಹೇಳಿದ್ದೆ, "ಅತ್ತೇರೆ, ಇದಕ್ಕೆ ನೀರು ಮುಟ್ಟಿಸಬ್ಯಾಡ್ರಿ. ಪಿನ್ನು ಕಿತ್ತು, ಆರಿದ ಮ್ಯಾಲೆ, ಒಣ ಬಟ್ಟೆಲಿ ಒರೆಸಿದ್ರೆ ಸಾಕು." ನನಗೆ ಕಿವಿ ಇರಲಿಲ್ಲವೆಂದಲ್ಲ. ನಮ್ಮ ತವರಿನಲ್ಲಿ ಸಗಣಿ ಹಾಕಿ ಸಾರಿಸಿ, ವಿಭೂತಿಯ ಮೂರು ಗೆರೆ ಎಳೆಯದೆ ಒಲೆಗೆ ಬೆಂಕಿ ತೋರಿಸುತ್ತಿರಲಿಲ್ಲ. ಸಾವಾದ ಮನೆಯಲ್ಲಿ ಮಾತ್ರ ಒಲೆಯನ್ನು ಸಾರಿಸದೆ ಬಿಡುವುದು. ನೀನು ದಿನಾ ಅದನ್ನು ಬರೀ ಬಟ್ಟೆಯಲ್ಲಿ ಒರೆಸಿ ಹೊತ್ತಿಸುವಾಗ, ಈ ಮನೆಗೆ ಏನೋ ಕೆಟ್ಟದ್ದು ಕಾದಿದೆ ಎಂದು ನನಗೆ ಒಳಗೊಳಗೇ ಅನ್ನಿಸುತ್ತಿತ್ತು. ಆ ಕೆಟ್ಟದ್ದನ್ನು ನನ್ನ ಕೈಯಾರೆ ನಾನೇ ತಂದೆ.

ಮೊದಲ ಶ್ರಾವಣ ಸೋಮವಾರ ಮಠದ ಅಯ್ಯನವರಿಗೆ ಪ್ರಸಾದಕ್ಕೆ ಹೇಳಿದ್ದೆವು. ಹಿಂದಿನ ಸಂಜೆ ಹಾಲು ಉಕ್ಕಿ ತಂತಿಯ ಸಂದಿನಲ್ಲೆಲ್ಲ ಸುಟ್ಟು ಹಿಡಿದಿತ್ತು. ಮುಸುರೆಯಾದ ಒಲೆಯ ಮೇಲೆ ಪ್ರಸಾದಕ್ಕೆ ಹಾಲು ಕಾಸುವುದು ಹೇಗೆ? ಬೆಳಿಗ್ಗೆ ನೀನು ಬಚ್ಚಲಿಗೆ ಹೋದ ಹೊತ್ತು ನೋಡಿ ಒಂದು ಚೊಂಬು ನೀರು ಸುರಿದು ಉಜ್ಜಿ ತೊಳೆದೆ. ಆಮೇಲೆ ನೆಲ ಸಾರಿಸಿ ಉಳಿದ ಸಗಣಿ ನೀರಿನಲ್ಲಿ ಅದನ್ನೂ ಸಾರಿಸಿದೆ. ಸ್ವಿಚ್ಚು ಹಾಕಿರಲಿಲ್ಲ, ನನಗೆ ಏನೂ ಆಗಲಿಲ್ಲ. ನೀನು ಕಂಡರೆ ಬೇಡ ಎನ್ನುತ್ತೀಯೆಂದು ಮೇಲುಮೇಲೆ ಸೆರಗಿನಿಂದ ಒರೆಸಿ, ಮುಟ್ಟದವಳಂತೆ ಪತ್ರೆ ಆರಿಸುತ್ತ ಕುಳಿತೆ. ನೀನು ತಲೆಗೆ ಬಟ್ಟೆ ಸುತ್ತಿಕೊಂಡು ಬಂದೆ. ಎರಡೂ ಕೈ ಒರೆಸಿಕೊಂಡೇ ಸ್ವಿಚ್ಚು ಒತ್ತಿದ್ದನ್ನು ಈ ಕಣ್ಣಿಂದ ನೋಡಿದ್ದೇನೆ. ಹಾಲಿನ ಪಾತ್ರೆ ಇಟ್ಟು, ಒಲೆ ಓರೆಯಾಗಿದೆಯೆಂದು ಸರಿಸಲು ತಗಡಿಗೆ ಕೈ ಹಾಕಿದೆ. ಆಮೇಲಿನದು ಬರೆಯಲಾರೆ. ಒರಳ ಪಕ್ಕದಲ್ಲಿ ನೀನು ಬಿದ್ದಿದ್ದೆ, ಹಾಲು ನೆಲದ ಪಾಲಾಗಿತ್ತು, ನಾನು ಶಿವಶಿವಾ ಎನ್ನುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ನಿನ್ನ ಮಾವನವರು ಓಡಿಬಂದು ಕೋಲಿನಿಂದ ಸ್ವಿಚ್ಚು ತೆಗೆದರು.

ಪಂಚಾಕ್ಷರಿ ಬಂದ, ನಿಂಗಕ್ಕ ಬಂದಳು, ಮಠದಿಂದ ಬಂದವರೂ ಬಾಗಿಲಲ್ಲಿದ್ದರು. ಏನಾಯ್ತು ಎಂದು ಅವನು ಕೇಳಿದ್ದು ನಿನ್ನನ್ನು. ಉತ್ತರ ಕೊಟ್ಟವಳು ನಾನು. ಸ್ನಾನದಿಂದ ಬಂದವಳೇ ಹಸಿ ಕೈಯಲ್ಲಿ ಮುಟ್ಟಿದಳು ಎಂದೆ. ಬಾಯಿಗೆ ಅದು ಎಲ್ಲಿಂದ ಬಂತೋ, ಬಂದುಬಿಟ್ಟಿತು. ನೀನು ನನ್ನ ಮುಖ ನೋಡಿದೆ. ಒಲೆಯಡಿಯಿಂದ ಸಗಣಿ ನೀರಿನ ಒಂದು ಎಳೆ ಹರಿದು ಬರುತ್ತಿತ್ತು. ನೀನು ನೋಯದ ಎಡಗೈಯಲ್ಲಿ ಸೆರಗು ಹಿಡಿದು ಅದನ್ನು ಒರೆಸಿಬಿಟ್ಟೆ. ಯಾರೂ ನೋಡಲಿಲ್ಲ, ನಾನು ನೋಡಿದೆ. ಅಷ್ಟರಲ್ಲಿ ಅವನು, "ಓದಿದೋಳು ಅಂತ ತಿಳ್ಕಂಡಿದ್ನಲ್ಲೇ, ಹೊಟ್ಟೆಗೆ ಕೂಸು ಇಟ್ಕಂಡು ಇಷ್ಟು ಗ್ಯಾನ ಇಲ್ವಾ ನಿಂಗೆ?" ಎಂದು ಎಲ್ಲರ ಮುಂದೆ ಬೈಯುತ್ತಿದ್ದ. ನೀನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಮರುದಿನ ನಿಮ್ಮಪ್ಪ ಹಬ್ಬಕ್ಕೆ ಕರೆಯಲು ಬಂದಾಗ ನಿಂಗಕ್ಕ ಜಗಲಿಯಲ್ಲೇ, ಮಗಳಿಗೆ ಸ್ವಲ್ಪ ಬುದ್ಧಿ ಹೇಳ್ರಿ ಎಂದಳು. ಅವರು ನನ್ನ ಕಡೆ ತಿರುಗಿ, "ಒಲೆ ಕೊಡಿಸಿದ್ದು ನಾನು ಬೀಗ್ತೇರೆ, ತೆಪ್ಪು ನಂದೇ ಅಂತ ಇಟ್ಕಳ್ರಿ," ಎಂದು ಒಂದು ಲೋಟ ನೀರನ್ನೂ ಕುಡಿಯದೆ ನಿನ್ನನ್ನು ಕರೆದುಕೊಂಡು ಹೋದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೋದ ಬುಧವಾರ ಒಲೆಯನ್ನು ಎಸೆಯಬೇಕೋ ಇಡಬೇಕೋ ನೋಡಲೆಂದು ಪಂಚಾಕ್ಷರಿ ವೈರಿಂಗ್ ಚಿತ್ರಲಿಂಗಪ್ಪನನ್ನು ಕಳಿಸಿದ್ದ. ಮನೆಯಲ್ಲಿ ನಾನೊಬ್ಬಳೇ. ಜಗಲಿಯಲ್ಲಿ ಕೂತು ತಿರುಪು ಬಿಚ್ಚಿ ಒಲೆಯನ್ನು ಮಗುಚಿದ. "ಏನವ್ವಾ ಇದು? ಎಷ್ಟೋ ಒಲೆ ಬಿಚ್ಚೀನಿ, ಹೊಟ್ಟೆಯಾಗೆ ಸಗಣಿ ಇರೋ ಒಲೆ ಇವತ್ತೇ ಕಂಡಿದ್ದು," ಎಂದು ನಕ್ಕ. ನಾನು ನಗದಿದ್ದುದನ್ನು ಕಂಡು ಒಳಗಿನ ತಂತಿ ತೋರಿಸುತ್ತ ವಿವರಿಸಿದ. ಒಳಗೆ ನೀರು ನಿಂತರೆ ಕರೆಂಟು ತಂತಿ ಬಿಟ್ಟು ತಗಡಿಗೆ ಬರುತ್ತದಂತೆ, ಒಣ ಕೈಯಲ್ಲಿ ಮುಟ್ಟಿದರೂ ಹೊಡೆಯುತ್ತದಂತೆ. ಒಲೆಯಿಂದ ಪಿನ್ನಿಗೆ ಹೋಗುವ ಬಳ್ಳಿಯಲ್ಲಿ ಮೂರು ತಂತಿ ಇದ್ದವಂತೆ. ತಪ್ಪಿ ಬಂದ ಕರೆಂಟನ್ನು ನೆಲಕ್ಕೆ ಇಳಿಸುವ ಮೂರನೆಯದನ್ನು, ನಮ್ಮ ಗೋಡೆಯಲ್ಲಿ ಎರಡೇ ತೂತು ಇದೆಯೆಂದು ಯಾರೋ ಕತ್ತರಿಸಿದ್ದಾರೆ ಎಂದ. ಕತ್ತರಿಸಿದ್ದು ಪಂಚಾಕ್ಷರಿ. ಅದನ್ನು ಕೇಳಿದಾಗ ಒಂದು ಗಳಿಗೆ ನನ್ನ ಭಾರ ಇಳಿಯಿತು, ಮರುಗಳಿಗೆಗೆ ನಾಚಿಕೆಯಾಯಿತು. ಅವನು ತಂತಿ ಕತ್ತರಿಸಿದ್ದು ತಿಳಿಯದೆ. ನಾನು ನೀರು ಸುರಿದದ್ದು ನೀನು ಬೇಡವೆಂದ ಮೇಲೆ. ಸಗಣಿಯ ಸಂಗತಿ ನಮ್ಮ ಹುಡುಗನಿಗೆ ಹೇಳಬೇಡ ಎಂದೆ. "ನಾನ್ಯಾಕೆ ಹೇಳ್ಲವ್ವ, ಹೇಳೋರು ಹೇಳ್ಬೇಕು," ಎಂದು ತಿರುಪು ಬಿಗಿದ.

ಅವನು ಒಲೆಯನ್ನು ಒಣಗಿಸಿ ಮೂರು ತಂತಿಯ ಹೊಸ ಬಳ್ಳಿ ಹಾಕಿ, ಗೋಡೆಗೆ ಮೂರು ತೂತಿನ ಹೊಸ ಪ್ಲಗ್ಗನ್ನು ಕೂರಿಸಿ, ಹಿತ್ತಲಲ್ಲಿ ಗುಂಡಿ ತೋಡಿ ಉಪ್ಪು ಇದ್ದಿಲು ತುಂಬಿ ಒಂದು ತಂತಿಯನ್ನು ಭೂಮಿಗೆ ಇಳಿಸಿದ್ದಾನೆ. ನನಗೆ ಎಲ್ಲ ಹೇಳಿಕೊಟ್ಟ, ನಾನು ಎದುರಿಗೇ ಮಾಡಿ ತೋರಿಸಿದೆ. ಬಳ್ಳಿ ಹಿಡಿದು ಎಳೆಯಬಾರದು, ಪಿನ್ನನ್ನೇ ಹಿಡಿದು ಕೀಳಬೇಕು. ಪಾತ್ರೆಯ ತಳ ಒರೆಸಿಯೇ ಇಡಬೇಕು. ಕರೆಂಟು ಇರುವಾಗ ಪಾತ್ರೆಗೆ ಕಬ್ಬಿಣದ ಸೌಟು ಹಾಕಬಾರದು, ಮರದ್ದಾದರೆ ಆಗಬಹುದು. ಹಾಲಿಟ್ಟು ಬೇರೆ ಕೆಲಸಕ್ಕೆ ಹೋಗಬಾರದು. ಉಕ್ಕಿತೋ, ಮೊದಲು ಪಿನ್ನು ಕೀಳುವುದು, ತಂತಿ ಪೂರ್ತಿ ಆರಿದ ಮೇಲೆ ಒಣ ತೆಂಗಿನ ನಾರಿನಿಂದ ಮೆಲ್ಲಗೆ ಉದುರಿಸುವುದು. ಕಾಲಿಗೆ ರಬ್ಬರ್ ಚಪ್ಪಲಿ ಮೆಟ್ಟಿದರೆ ಒಳ್ಳೆಯದು ಎಂದ. ಅಡುಗೆಮನೆಗೆ ಚಪ್ಪಲಿಯೇ ಎಂದು ನಾನು ನೋಡಿದ ನೋಟಕ್ಕೆ ಹೆದರಿ, ಹಾಗಾದರೆ ಒಣ ಮಣೆಯ ಮೇಲೆ ನಿಲ್ಲಿ ಎಂದ. ಈಗ ದಿನಾ ಮಣೆ ಹಾಕಿಕೊಂಡು ನಿಲ್ಲುತ್ತೇನೆ. ನಿನ್ನ ಮಾವನವರು ನೋಡಿ, "ಐವತ್ತು ವರ್ಷಕ್ಕೆ ಮತ್ತೆ ಹಸೆಮಣೆ ಏರಿದ್ಯಲ್ಲ, ಗಂಡು ಯಾರು?" ಎಂದು ಕೇಳುತ್ತಾರೆ. ನಗು ಬರಬೇಕಾದ ಮಾತು. ಸಗಣಿ ಈಗ ಕಟ್ಟಿಗೆ ಒಲೆಗೆ ಮಾತ್ರ. ವಿಭೂತಿಯನ್ನು ಒಲೆಯ ಹಿಂದಿನ ಗೋಡೆಗೆ ಒಣದಾಗಿ ಎಳೆಯುತ್ತೇನೆ. ಶಿವನಿಗೆ ಅದೂ ಸಲ್ಲುತ್ತದೆ ಎಂದು ನಂಬಿದ್ದೇನೆ.

ಕಮಲ, ನಿನ್ನ ಹತ್ತಿರ ಕೇಳುವುದು ಇಷ್ಟೇ. ನನ್ನನ್ನು ಹೊಟ್ಟೆಗೆ ಹಾಕಿಕೊಂಡು ಕುಬುಸದ ಹೊತ್ತಿಗಾದರೂ ಬಾ. ಇನ್ನು ಆ ಒಲೆಯ ವಿಚಾರದಲ್ಲಿ ನಿನ್ನ ಮಾತೇ ಕೊನೆಯದು. ನಡೆದದ್ದು ನಮ್ಮಿಬ್ಬರ ನಡುವೆಯೇ ಇರಲಿ. ಪಂಚಾಕ್ಷರಿಗೆ ತಿಳಿಸುವುದು ಬೇಡ, ಮಗನ ಕಣ್ಣಲ್ಲಿ ಈ ವಯಸ್ಸಿನಲ್ಲಿ ಸಣ್ಣವಳಾಗುವುದು ನನಗೆ ಕಷ್ಟ. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕಿಬಿಡು.

ನಿಮ್ಮ ಅಪ್ಪ ಅಮ್ಮನಿಗೆ ನನ್ನ ಶರಣು ತಿಳಿಸು. ನಿನಗೂ ನಿನ್ನ ಒಡಲ ಕೂಸಿಗೂ ಶಿವ ಒಳ್ಳೆಯದು ಮಾಡಲಿ, ಕೈ ಬೇಗ ಮಾಯಲಿ.

ನಿನ್ನ ಅತ್ತೆ,
ಶಿವಗಂಗಮ್ಮ

ತಾ.ಕ. ಕವರಿಗೆ ಅಂಟು ಹಚ್ಚುವ ಮೊದಲೇ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಹೊಂದಿಸಿಕೊಂಡು ಓದು. ಪಂಚಾಕ್ಷರಿ ಊಟಕ್ಕೆ ಬಂದ. ನಾನು ಮಣೆಯ ಮೇಲೆ ನಿಂತು ಸಾರು ಬಿಸಿ ಮಾಡಿ, ಪಿನ್ನು ಕಿತ್ತು, ಪಾತ್ರೆ ಇಳಿಸಿದ್ದನ್ನು ನೋಡಿ, "ನಾಕನೇ ಕ್ಲಾಸು ಓದಿದ ನೀನು ಎಷ್ಟು ಚೆಂದ ಕಲ್ತೆ ಅವ್ವ. ಎಸ್ಸೆಸ್ಸೆಲ್ಸಿ ಮಾಡಿದೋಳಿಗೆ ಆಗ್ಲಿಲ್ಲ ನೋಡು," ಎಂದ. ಎರಡನೇ ಸೌಟು ಬಡಿಸಲು ನನ್ನ ಕೈ ಬರಲಿಲ್ಲ. ಅವನ ಎದುರಿಗೆ ಕೂತು ಈ ಕಾಗದವನ್ನು ಮೊದಲಿಂದ ಓದಿ ಹೇಳಿದೆ. ಅವನಿಗೆ ತಿಳಿಸಬೇಡ ಎಂದು ಬರೆದ ಸಾಲನ್ನೂ ಬಿಡಲಿಲ್ಲ. ಎಂಜಲು ಕೈ ಒಣಗುವತನಕ ಕೂತಿದ್ದ. "ನೀರು ಒರೆಸಿದ್ಲಾ ಅವ್ಳು?" ಎಂದು ಎರಡು ಸಲ ಕೇಳಿದ. ಆಮೇಲೆ, "ಎಲ್ಲಾರ ಮುಂದೆ ಬೈದೆನಲ್ಲವ್ವ," ಎಂದ. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಈಗ ಅಂಗಿ ಬದಲಿಸುತ್ತಿದ್ದಾನೆ, ನಿಮ್ಮೂರಿಗೆಂದು ಎರಡು ಗಂಟೆಯ ದುರ್ಗದ ಬಸ್ಸಿಗೆ ಹೊರಟಿದ್ದಾನೆ. ಕಾಗದ ಅಂಚೆಗೆ ಹೋಗುವುದಿಲ್ಲ, ಅವನ ಕೈಯಲ್ಲೇ ಬರುತ್ತದೆ. ಸುಡಬೇಡ. ನಿಮ್ಮಪ್ಪನ ಮುಂದೆ ಗಟ್ಟಿಯಾಗಿ ಓದು, ಒಂದು ಸಾಲನ್ನೂ ನನಗಾಗಿ ಬಿಡಬೇಡ. ನಿಂಗಕ್ಕನಿಗೆ ನಾಳೆ ನಲ್ಲಿಯ ಹತ್ತಿರ ನಾನೇ ಹೇಳುತ್ತೇನೆ. ಬರುವುದು ಬಿಡುವುದು ನಿನ್ನ ಇಷ್ಟ, ಅತ್ತೆ ಕೇಳಿಕೊಂಡಳೆಂದು ಬರಬೇಡ. ಆದರೆ ಬರುತ್ತೀಯೋ ಇಲ್ಲವೋ ಎಂಬುದನ್ನು ಎರಡು ಸಾಲು ಬರೆ, ಕೈ ನೋಯುತ್ತಿದ್ದರೆ ನೀನು ಹೇಳು, ಅವನೇ ಬರೆಯಲಿ. ಆ ಎರಡು ಸಾಲು ಮುಗಿಯುವತನಕ ಅವನನ್ನು ಜಗಲಿಯ ಮೇಲೆ ಕೂರಿಸಿಕೊಂಡಿರಿ ಎಂದು ನಿಮ್ಮಪ್ಪನಿಗೆ ಹೇಳು. ಉತ್ತರವನ್ನು ಪಂಚಾಕ್ಷರಿಯೇ ತರಲಿ.